ಅಮ್ಮನ ದೇವಗಣಗಲೆ

ಕೇಳುಗರಿಗೆ ನಮಸ್ಕಾರ.

ಜಯನಗರದ ನಮ್ಮ ಮನೆ ಗೇಟಿನ ಪಕ್ಕ ಒಂದು ದೇವಗಣಗಲೆ ಮರ ಇತ್ತು. ಕೆಲವರು ಗೋಸಂಪಿಗೆ ಅನ್ನುತ್ತಾರೆ, ನಮ್ಮಮ್ಮ ಕಾಡುಸಂಪಿಗೆ ಅನ್ನುತ್ತಿದ್ದರು. ಬಿಳಿ ಹೂ, ನಡುವೆ ಹಳದಿ. ನಾಲ್ಕು ವರ್ಷದ ಹಿಂದೆ ಚರಂಡಿ ಕೆಲಸಕ್ಕೆ ಬಂದವರು ಒಂದು ಕಡೆಯ ಬೇರನ್ನೆಲ್ಲ ಕಡಿದರು. ಸಾಲದ್ದಕ್ಕೆ ಬುಡದ ಸುತ್ತ ಕಾಂಕ್ರೀಟ್ ಸುರಿದು ಹೋದರು. ಮಳೆಗಾಲ ಮುಗಿಯುವಷ್ಟರಲ್ಲಿ ಬುಡದ ತೊಗಟೆ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು.

'ಕಡಿಸಿಬಿಡಿ, ನರ್ಸರಿಯಲ್ಲಿ ಬೇರೆ ಸಿಗುತ್ತಲ್ಲ' ಅಂದರು ಪಕ್ಕದ ಮನೆಯವರು. ಸಿಗುತ್ತೆ. ಆದರೆ ಇದು ಅಮ್ಮ ನೆಟ್ಟದ್ದು. ಬೀಜ ಹಾಕಿದರೆ ಇದೇ ಹೂ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಕೊಂಬೆ ನೆಟ್ಟರೆ ಮಾತ್ರ ಅದೇ ಮರ, ಅದೇ ಹೂ.

ಅಕ್ಟೋಬರಿನಲ್ಲೇ ಎರಡು ಕೊಂಬೆ ಕಡಿದು, ಹಸಿಹಸಿಯಾಗಿಯೇ ಗೊಬ್ಬರದ ಮಣ್ಣಿಗೆ ಚುಚ್ಚಿದೆ. ದಿನಾ ಪ್ರೀತಿಯಿಂದ ನೀರು ಹಾಕಿದೆ. ಮೂರು ವಾರಕ್ಕೆ ಎರಡೂ ಬೆಂದ ಬದನೆಕಾಯಿಯ ಹಾಗೆ ಮೆತ್ತಗಾದವು.

ದೇವಸ್ಥಾನದ ಅಂಗಳದಲ್ಲೆಲ್ಲ ಇದ್ದರೂ ಇದು ನಮ್ಮ ನಾಡಿನ ಮರವಲ್ಲ. ಮೆಕ್ಸಿಕೊ, ವೆಸ್ಟ್ ಇಂಡೀಸ್ ಕಡೆಯದು. ಒಣಗಾಲಕ್ಕೆ ಬೇಕಾದ ನೀರನ್ನು ದಪ್ಪ ಕೊಂಬೆಯಲ್ಲೇ ಇಟ್ಟುಕೊಂಡಿರುತ್ತೆ. ಅಂಥ ಕೊಂಬೆಗೆ ನಾನು ಮೇಲಿಂದ ದಿನಾ ನೀರು ಕುಡಿಸಿದ್ದೆ!

ಮತ್ತೆ ಕತ್ತಿ ಹಿಡಿದದ್ದು ಮಾರ್ಚಿನಲ್ಲಿ, ಎಲೆ ಉದುರಿ ತುದಿ ಚಿಗುರುವ ಮುಂಚೆ. ಬುಡದಿಂದ ಆದಷ್ಟು ದೂರದ ಕೊಂಬೆಗಳನ್ನೇ ಆರಿಸಿಕೊಂಡೆ. ಕಡಿದ ತಕ್ಷಣ ಬಿಳಿ ಹಾಲು ತೊಟ್ಟಿಕ್ಕುತ್ತೆ, ಕಣ್ಣಿಗೆ ತಾಗಬಾರದು. ಹಾಲು ಒರೆಸಿ ಒಳಗೆ ನೋಡಿ. ನಡುವೆ ಕಂದು ಚುಕ್ಕೆ ಕಂಡರೆ ಕೊಳೆ ಅಲ್ಲಿಗೂ ಬಂದಿದೆ ಅಂತ. ಕತ್ತಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಇನ್ನೊಂದು ಗೇಣು ಮೇಲೆ ಕಡಿಯಬೇಕು. ಪೂರ್ತಿ ಬೆಳ್ಳಗೆ ಕಾಣುವವರೆಗೂ ಬಿಡಬಾರದು. ನನ್ನ ಒಂದು ಕೊಂಬೆ ಹೀಗೆ ಕಡಿದೂ ಕಡಿದೂ ಒಂದು ಗೇಣು ಉಳಿಯಿತು.

ಹೀಗೆ ಐದು ಕಡ್ಡಿ ಸಿಕ್ಕವು. ಹತ್ತು ದಿನ ನೆರಳಿನಲ್ಲಿ ಸುಮ್ನೆ ಮಲಗಿಸಿದೆ. ಕಡಿದ ಗಾಯ ಒಣಗಿ ಗಟ್ಟಿಯಾಗಬೇಕು, ಅಲ್ವಾ? ಆಮೇಲೆ ಮರಳು ಜಾಸ್ತಿ, ಕೆಂಪು ಮಣ್ಣು ಕಮ್ಮಿ ಹಾಕಿದ ಕುಂಡದಲ್ಲಿ ನಾಲ್ಕು ಬೆರಳು ಆಳಕ್ಕೆ ನೆಟ್ಟು, ಅಲ್ಲಾಡದ ಹಾಗೆ ಕೋಲಿಗೆ ಕಟ್ಟಿದೆ. ಒಂದು ಸಲ ನೀರು. ಅಷ್ಟೇ. ಮಾವಿನ ಮಳೆ ಬಂದಾಗ ಕುಂಡಗಳನ್ನು ಸೂರಿನ ಕೆಳಗೆ ಎಳೆದೆ.

ಒಂದು ಮೋಸ ಹೇಳಲೇಬೇಕು. ತಿಂಗಳೊಳಗೆ ತುದಿಯಲ್ಲಿ ಎಲೆ ಬಂದೀತು. ಅದು ಕೊಂಬೆಯಲ್ಲಿ ಉಳಿದಿದ್ದ ರಸದ ಆಟ, ಬೇರು ಬಂದಿದೆ ಅಂತ ಅಲ್ಲ. ಬೇರು ನೋಡೋಣ ಅಂತ ಕಿತ್ತರೆ ಮುಗಿಯಿತು. ನಾನು ಒಂದನ್ನು ಕಿತ್ತು ನೋಡಿದೆ, ಹೋಯಿತು. ಎಲೆಗಳು ಅಂಗೈ ಉದ್ದ ಆಗುವವರೆಗೆ ನೀರಿನ ಕೈ ಬಿಗಿಹಿಡಿಯಿರಿ.

ಎಲ್ಲ ಮರಕ್ಕೂ ಇದು ನಡೆಯಲ್ಲ. ಸಂಪಿಗೆ ಕಡ್ಡಿ ಸುಲಭಕ್ಕೆ ಬೇರು ಬಿಡುವುದಿಲ್ಲ. ಅದಕ್ಕೆ ಕೊಂಬೆ ಮರದ ಮೇಲಿರುವಾಗಲೇ ಗೂಟಿ ಕಟ್ಟಬೇಕು, ಅಂದರೆ ಒಂದು ಕಡೆ ತೊಗಟೆ ಸುಲಿದು, ಒದ್ದೆ ಪಾಚಿ ಸುತ್ತಿ, ಅಲ್ಲೇ ಬೇರು ಬರಿಸಬೇಕು. ಗುಲ್ಮೊಹರಿಗೆ ಬೀಜವೇ ಸರಿ.

ನನ್ನ ಐದರಲ್ಲಿ ಮೂರು ಹಿಡಿದವು. ಆ ಗೇಣುದ್ದದ್ದೂ ಹಿಡಿಯಿತು. ಒಂದನ್ನು ಎದುರು ಮನೆ ಅಜ್ಜಿ ಪೂಜೆಗೆ ಬೇಕು ಅಂತ ಒಯ್ದರು, ಹೋದ ವರ್ಷ ಹೂ ಬಿಟ್ಟಿದೆ. ಇನ್ನೊಂದು ನಮ್ಮ ಹಿತ್ತಲಲ್ಲಿದೆ. ಗೇಣುದ್ದದ್ದು ಇನ್ನೂ ಕುಂಡದಲ್ಲೇ ಇದೆ, ಎಲ್ಲಿ ನೆಡೋದು ಅಂತ ಜಾಗ ನೋಡ್ತಾ ಇದ್ದೇನೆ. ಚರಂಡಿ ಪಕ್ಕ ಅಂತೂ ಅಲ್ಲ.