ಕರೆದರೆ ಬರುವ ಒಂಟೆ

[ದೃಶ್ಯ: ಸಂಜೆಯ ಮರಳುಗಾಡು. ದೂರದಲ್ಲಿ ಒಂಟೆಗಳ ಹಿಂಡು. ಯಾರೋ ರಾಗವಾಗಿ ಕೂಗುವ ದನಿ.]

ಈ ದನಿ ಕೇಳಿಸ್ತಾ? ಇದು ಪೂರ್ತಿ ಹಾಡೂ ಅಲ್ಲ, ಪೂರ್ತಿ ಮಾತೂ ಅಲ್ಲ. ಒಂಟೆ ಕಾಯುವವನು ತನ್ನ ಹಿಂಡನ್ನು ಕರೆಯುತ್ತಿದ್ದಾನೆ. ಈಗ ನೋಡಿ, ಅಲ್ಲಲ್ಲಿ ಚದುರಿ ಮೇಯುತ್ತಿದ್ದ ಒಂಟೆಗಳು ಒಂದೊಂದಾಗಿ ಕತ್ತೆತ್ತಿ ಅವನ ಕಡೆಗೇ ಹೊರಟವು.

ಈ ಕೂಗಿಗೆ ಅರಬರು ‘ಹಿದಾ’ ಎನ್ನುತ್ತಾರೆ. 2022ರಲ್ಲಿ ಸೌದಿ ಅರೇಬಿಯಾ, ಒಮಾನ್, ಯುಎಇ ಮೂರೂ ದೇಶಗಳ ಹೆಸರಿನಲ್ಲಿ ಇದು ಯುನೆಸ್ಕೊದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿತು. ಎಲ್ಲಕ್ಕೂ ಒಂದೇ ಕೂಗು ಅಂದುಕೊಳ್ಳಬೇಡಿ. ನೀರಿನ ತೊಟ್ಟಿಗೆ ಕರೆಯಲು ಒಂದು, ದಾರಿಯಲ್ಲಿ ನಡೆಸಲು ಒಂದು, ಮಂಡಿಯೂರಿಸಿ ಕೂರಿಸಲು ಒಂದು, ಮರಳು ಬಿರುಗಾಳಿ ಎದ್ದಾಗ ಎಲ್ಲವನ್ನೂ ಒಟ್ಟುಗೂಡಿಸಲು ಇನ್ನೊಂದು. ಹಾಲು ಕರೆಯುವ ಹೊತ್ತಿಗೂ ಬೇರೆಯೇ ಇದೆ.

ನಮ್ಮ ಕನ್ನಡದಲ್ಲಿ ‘ಕರೆಯುವುದು’ ಅಂದರೆ ಎರಡು ಕೆಲಸ, ಅಲ್ವಾ? ಹೆಸರು ಹಿಡಿದು ಕರೆಯುತ್ತೇವೆ, ಹಾಲೂ ಕರೆಯುತ್ತೇವೆ. ಒಂಟೆಯ ವಿಷಯದಲ್ಲಿ ಈ ಎರಡೂ ನಿಜವಾಗಿಯೂ ಜೊತೆಯಾಗಿಯೇ ನಡೆಯುತ್ತವೆ. ಏಕೆಂದರೆ ಒಂಟೆ ಸುಮ್ನೆ ಯಾರಿಗೂ ಹಾಲು ಇಳಿಸುವುದಿಲ್ಲ. ಮೊದಲು ಮರಿ ಬಂದು ಬಾಯಿ ಹಾಕಬೇಕು, ಗುರುತಿನ ದನಿ ಕೇಳಬೇಕು, ಆಮೇಲೆ ಹಾಲು ಇಳಿಯುತ್ತದೆ, ಅದೂ ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಕಾಯುವವನು ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಮಡಚಿ, ಆ ಮಂಡಿಯ ಮೇಲೆ ಬೋಗುಣಿ ಇಟ್ಟುಕೊಂಡು ಎರಡೂ ಕೈಯಲ್ಲಿ ಹಾಲು ಕರೆಯುತ್ತಾನೆ. ಒಂಟೆ ಎತ್ತರ, ಕೂತು ಕರೆಯಲು ಆಗುವುದಿಲ್ಲ.

ಮರಿ ಸತ್ತರೆ? ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ಇಡುತ್ತಿದ್ದರು. ಅದಕ್ಕೆ ಅರಬ್ಬಿಯಲ್ಲಿ ‘ಬವ್’ ಎಂಬ ಹೆಸರೇ ಇದೆ. ನಮ್ಮ ದೇಶದಲ್ಲೂ ಹಸುವಿನ ಮುಂದೆ ಹೀಗೆ ಕರುವಿನ ಗೊಂಬೆ ಇಡುತ್ತಿದ್ದರು. ಮನಸ್ಸಿಗೆ ಕಷ್ಟ ಆಗುವ ವಿಷಯ ಇದು. ಆದರೆ ಆ ಹಾಲು ನಿಂತರೆ ಡೇರೆಯಲ್ಲಿರುವ ಮಕ್ಕಳಿಗೆ ಬೇರೆ ಊಟ ಇರಲಿಲ್ಲ.

[ದೃಶ್ಯ: ಅರೇಬಿಯಾದ ನಕ್ಷೆ. ದಕ್ಷಿಣದ ಮರಳುಗಾಡಿನ ಮೇಲೆ ಬಣ್ಣ.]

ಊಟ ಇರಲಿಲ್ಲ ಅಂತ ಯಾಕೆ ಹೇಳಿದೆ ಅಂದರೆ, ಈ ಜಾಗ ನೋಡಿ. ರುಬ್ ಅಲ್ ಖಾಲಿ. ನಾವು ದಿನಾ ಹೇಳುವ ‘ಖಾಲಿ’ ಎಂಬ ಮಾತೇ ಅದು, ಅರಬ್ಬಿಯಿಂದಲೇ ಬಂದದ್ದು. ಸುಮಾರು 6.5 ಲಕ್ಷ ಚದರ ಕಿಲೋಮೀಟರ್, ಅಂದರೆ ಮೂರು ಕರ್ನಾಟಕಕ್ಕಿಂತ ಜಾಸ್ತಿ, ಬರೀ ಮರಳು. ಅಲ್ ಮುರ್ರಾ ಎಂಬ ಬುಡಕಟ್ಟಿನವರು ಇಲ್ಲೇ ಒಂಟೆ ಮೇಯಿಸಿದವರು. ಇಲ್ಲಿನ ಎಷ್ಟೋ ಬಾವಿಗಳ ನೀರು ಉಪ್ಪು, ಮನುಷ್ಯ ಕುಡಿಯಲಾರ. ಒಂಟೆ ಕುಡಿಯುತ್ತದೆ. ಕುಡಿದು ಹಾಲು ಕೊಡುತ್ತದೆ. ಆ ಹಾಲನ್ನು ಮನುಷ್ಯ ಕುಡಿಯುತ್ತಾನೆ. ಚಳಿಗಾಲದಲ್ಲಿ ಮಳೆ ಬಿದ್ದು ಹಸಿರು ಚಿಗುರಿದರೆ ಒಂಟೆಗೆ ತಿಂಗಳುಗಟ್ಟಲೆ ನೀರೇ ಬೇಡ, ಆಗ ಅವರು ಬಾವಿ ಬಿಟ್ಟು ಎಷ್ಟು ದೂರ ಬೇಕಾದರೂ ಹೋಗಬಹುದು, ಹಾಲೇ ನೀರು, ಹಾಲೇ ಊಟ. ನನಗಂತೂ ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು.

ಬೇಸಿಗೆಯಲ್ಲಿ ಮಾತ್ರ ಬಾವಿ ಬಿಟ್ಟು ಕದಲುವ ಹಾಗಿಲ್ಲ. ಎಲ್ಲಿಯವರೆಗೆ? ಆಗಸ್ಟ್ ಕೊನೆಗೆ ಬೆಳಗಿನ ಜಾವ ದಕ್ಷಿಣದಲ್ಲಿ ಸುಹೈಲ್ ನಕ್ಷತ್ರ ಕಾಣುವವರೆಗೆ. ಅದು ಕಂಡರೆ ಬಿಸಿಲಿನ ಬಲ ಮುರಿಯಿತು ಎಂದು ಲೆಕ್ಕ. ನಾವು ಅಗಸ್ತ್ಯ ಎನ್ನುತ್ತೇವಲ್ಲ, ಅದೇ ನಕ್ಷತ್ರ.

ಹಿದಾ ಹುಟ್ಟಿದ್ದು ಹೇಗೆ ಎಂಬುದಕ್ಕೆ ಹಳೆಯ ಕಥೆಯೊಂದಿದೆ. ಅರಬರ ಮುದರ್ ಎಂಬ ಪೂರ್ವಜ ಒಂಟೆ ಮೇಲಿಂದ ಬಿದ್ದು ಕೈ ಮುರಿದುಕೊಂಡನಂತೆ. ‘ಅಯ್ಯೋ ನನ್ನ ಕೈ, ಅಯ್ಯೋ ನನ್ನ ಕೈ’ ಎಂದು ನರಳಿದನಂತೆ. ದನಿ ಇಂಪಾಗಿತ್ತು, ಒಂಟೆಗಳು ಅದಕ್ಕೆ ಕಿವಿಗೊಟ್ಟು ಹೆಜ್ಜೆ ಹಾಕಿದವಂತೆ. ಒಂದು ನೋವಿನ ಕೂಗಿನಿಂದ ಹಾಡು ಹುಟ್ಟಿತು ಅನ್ನುವ ಈ ಕಥೆ ನನಗೆ ತುಂಬಾ ಇಷ್ಟ.

[ದೃಶ್ಯ: ಒಂಟೆಗಳನ್ನು ಹೇರಿಕೊಂಡು ಹೋಗುವ ಲಾರಿ.]

ಈಗ ಏನಾಗಿದೆ? ಬುಡಕಟ್ಟುಗಳು ಕಾಯ್ದುಕೊಂಡು ಬಂದಿದ್ದ ‘ಹಿಮಾ’ ಎಂಬ ಮೀಸಲು ಹುಲ್ಲುಗಾವಲುಗಳ ಹಕ್ಕನ್ನು ಸೌದಿ ಸರ್ಕಾರ 1953ರಲ್ಲಿ ತೆಗೆದುಹಾಕಿತು. ಎಣ್ಣೆಯ ಹಣ ಬಂತು, ಪಿಕಪ್ ಗಾಡಿ ಬಂತು, ನೀರಿನ ಟ್ಯಾಂಕರ್ ಬಂತು. ಭಾರ ಹೊರುತ್ತಿದ್ದ ಒಂಟೆಯೇ ಲಾರಿ ಹತ್ತಿತು. ಸುದ್ದಿಯಲ್ಲಿ ನಮಗೆ ಕಾಣುವುದು ಒಂಟೆಗಳ ಸೌಂದರ್ಯ ಸ್ಪರ್ಧೆ, ಕೋಟಿಗಟ್ಟಲೆ ಬಹುಮಾನ. 2021ರಲ್ಲಿ ಸೌದಿಯ ಅಂಥ ಸ್ಪರ್ಧೆಯಿಂದ 40ಕ್ಕೂ ಹೆಚ್ಚು ಒಂಟೆಗಳನ್ನು ಹೊರಗೆ ಹಾಕಿದರು, ಅಂದ ಹೆಚ್ಚಿಸಲು ಬೊಟಾಕ್ಸ್ ಚುಚ್ಚಿದ್ದರಂತೆ. ಆ ತುಟಿ, ಆ ಮೂಗು ನೋಡುವುದಕ್ಕಿಂತ ಆ ಪ್ರಾಣಿ ಯಾರ ದನಿಗೆ ತಿರುಗಿ ನೋಡುತ್ತದೆ ಎಂದು ನೋಡಬೇಕು ಅಂತ ನನಗನ್ನಿಸುತ್ತದೆ.

ಆ ದನಿ ಈಗ ಬಹಳ ಕಡೆ ಒಡೆಯನದಲ್ಲ. ಸುಡಾನ್, ಪಾಕಿಸ್ತಾನ, ಬಾಂಗ್ಲಾದೇಶ, ನಮ್ಮ ಭಾರತದಿಂದ ದುಡಿಯಲು ಹೋದವರೇ ಹೆಚ್ಚಾಗಿ ಹಿಂಡು ಕಾಯುತ್ತಾರೆ. ಬಿಸಿಲಲ್ಲಿ, ಒಂಟಿಯಾಗಿ, ಮನೆಯಿಂದ ಸಾವಿರಾರು ಮೈಲಿ ದೂರ. ಒಂಟೆಗಳು ಅವರ ಕೂಗನ್ನೂ ಕಲಿತಿವೆ.

ನಿಮ್ಮ ಮನೆಯಲ್ಲಿ, ನಿಮ್ಮೂರಿನಲ್ಲಿ ಯಾರಾದರೂ ಗಲ್ಫಿನಲ್ಲಿ ಒಂಟೆ ಕಾಯುವ ಕೆಲಸ ಮಾಡಿದ್ದರೆ ದಯವಿಟ್ಟು ಅವರನ್ನು ಒಮ್ಮೆ ಕೇಳಿ, ಒಂಟೆಗಳನ್ನು ಏನೆಂದು ಕೂಗಿ ಕರೆಯುತ್ತಿದ್ದರು ಅಂತ. ಆಗುವುದಾದರೆ ಅವರ ದನಿಯಲ್ಲೇ ರೆಕಾರ್ಡ್ ಮಾಡಿ ನಮಗೆ ಕಳಿಸಿ.