ವಾಚ್ ಔಟ್, ಲುಕ್ ಔಟ್ ಮತ್ತು ನಮ್ಮ ‘ನೋಡು’

ಕೇಳುಗ ಗೆಳೆಯರೇ, ನಮಸ್ಕಾರ.

ಧಾರವಾಡದ ಸಪ್ತಾಪುರದ ಕಡೆ ಬಂದರೆ ಚಹಾ ಕುಡಿಯುತ್ತ ನಿಂತವರ ಕೈಯಲ್ಲೂ ಇಂಗ್ಲಿಷ್ ಗ್ರಾಮರ್ ನೋಟ್ಸ್ ಕಾಣುತ್ತವೆ. ಪರೀಕ್ಷೆಗೆ ಓದುವ ಹುಡುಗರಿಗೆ ಫ್ರೇಸಲ್ ವರ್ಬ್, ಅಂದರೆ ಕ್ರಿಯಾಪದಕ್ಕೆ ‘ಔಟ್’ನಂಥ ಸಣ್ಣ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿ, ತಲೆನೋವು. ವಾಚ್ ಔಟ್ ಅಂದರೆ ಎಚ್ಚರಿಕೆ ಅಂತ ಒಂದು ಸಾಲು ಬಾಯಿಪಾಠ ಮಾಡಿ ಮುಂದೆ ಹೋಗಿಬಿಡುತ್ತಾರೆ. ಅಷ್ಟಕ್ಕೇ ಬಿಟ್ಟರೆ ಅದರ ಅರ್ಧ ಮಜಾನೂ ಸಿಗಲ್ಲ.

ಹುಬ್ಬಳ್ಳಿ-ಧಾರವಾಡ ರಸ್ತೆಯ ನಡುವೆ ಚಿಗರಿ ಬಸ್ಸಿಗೇ ಅಂತ ಬೇರೆ ದಾರಿ ಇದೆ, ಅಲ್ವಾ? ಫೋನ್ ನೋಡುತ್ತಾ ಒಬ್ಬ ಹುಡುಗ ಅಲ್ಲಿ ಕಾಲಿಡುತ್ತಾನೆ ಅನ್ನಿ. ಪಕ್ಕದಲ್ಲಿದ್ದ ಅಜ್ಜ, ‘ಏ ತಮ್ಮಾ, ಬಸ್ ಬಂತ್ ನೋಡು, ಹಿಂದ ಸರಿ!’ ಅಂತ ಕೂಗುತ್ತಾರೆ. ಇಂಗ್ಲಿಷಿನವರು ಇಲ್ಲಿ ‘ವಾಚ್ ಔಟ್’ ಅಂತಲೋ ‘ಲುಕ್ ಔಟ್’ ಅಂತಲೋ ಕೂಗುತ್ತಾರೆ, ಎರಡೂ ನಡೆಯುತ್ತೆ. ಆದರೆ ‘ವಾಚ್ ಔಟ್ ದ ಬಸ್’ ಅಂದರೆ ತಪ್ಪು. ಬಸ್ಸಿನ ಹೆಸರು ಹೇಳಲೇಬೇಕಾದರೆ ನಡುವೆ ‘ಫಾರ್’ ಬರಬೇಕು: ‘ವಾಚ್ ಔಟ್ ಫಾರ್ ದ ಬಸ್.’ ಲಂಡನ್ನಿನ ಸುರಂಗ ರೈಲಿನಲ್ಲಿ 1968ರಿಂದ ಕೇಳಿಬರುವ ‘ಮೈಂಡ್ ದ ಗ್ಯಾಪ್’ಗೆ, ಅಂದರೆ ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿ ನೋಡ್ಕೊಳ್ಳಿ ಅನ್ನೋ ಮಾತಿಗೆ, ಈ ‘ಫಾರ್’ ಬೇಡ, ಅದು ಬೇರೆ ಜಾತಿ.

‘ಫಾರ್’ ಬಂದ ಮೇಲೇ ನಿಜವಾದ ಆಟ ಶುರು. ‘ವಾಚ್ ಔಟ್ ಫಾರ್ ಸ್ನೇಕ್ಸ್’ ಅಂದರೆ ಹಾವಿರುತ್ತವೆ, ಹುಷಾರು. ಅದೇ ‘ಲುಕ್ ಔಟ್ ಫಾರ್ ಯುವರ್ ಬ್ರದರ್’ ಅಂದರೆ ತಮ್ಮನ ಹತ್ತಿರ ಹುಷಾರಾಗಿರು ಅಂತ ಅಲ್ಲ, ತಮ್ಮನನ್ನು ಚೆನ್ನಾಗಿ ನೋಡ್ಕೋ ಅಂತ! ಹಾವಿಗೂ ತಮ್ಮನಿಗೂ ಒಂದೇ ‘ಔಟ್ ಫಾರ್’, ಇದೆಂಥ ಭಾಷೆಯಪ್ಪಾ ಅಂತ ಬೈಯೋ ಮೊದಲು ನಮ್ಮ ಮನೆಯ ಮಾತನ್ನೇ ಸ್ವಲ್ಪ ಕೇಳಿಸಿಕೊಳ್ಳಿ. ನೋಡು ಅಂದರೆ ಕಣ್ಣಿನ ಕೆಲಸ. ನೋಡ್ಕೊಂಡ್ ಹೋಗು ಅಂದರೆ ಎಚ್ಚರಿಕೆ. ಮಗೂನ ನೋಡ್ಕೋ ಅಂದರೆ ಆರೈಕೆ. ಜಗಳದಲ್ಲಿ ತೋಳೇರಿಸಿ ‘ನಿನ್ನ ನೋಡ್ಕೋತೀನಿ’ ಅಂದರೆ ಬೆದರಿಕೆ! ಇಂಗ್ಲಿಷಿನಲ್ಲೂ ‘ಯೂ ಬೆಟರ್ ವಾಚ್ ಔಟ್’ ಅಂತ ಹಲ್ಲು ಕಚ್ಚಿ ಅಂದರೆ ಅದು ಕಾಳಜಿಯ ಮಾತಲ್ಲ. ನಾವು ಇದನ್ನೆಲ್ಲ ಪಟ್ಟಿ ಮಾಡಿ ಕಲಿತೆವಾ? ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳಿದರು ಅನ್ನೋದರಿಂದ ತಾನೇ ತಿಳಿಯಿತು. ಹಾಗಾಗಿ ನೋಟ್ಸಿನಲ್ಲಿ ಅರ್ಥದ ಪಕ್ಕ ಒಂದು ಸಂದರ್ಭವನ್ನೂ ಬರೆದುಕೊಳ್ಳಿ.

ದನಿ ಅಂದೆನಲ್ಲ, ರೇಡಿಯೋದಲ್ಲೇ ಹೇಳಬೇಕಾದ್ದು ಇನ್ನೊಂದಿದೆ. ಪೇಪರಿನಲ್ಲಿ ಆಗಾಗ ‘ಲುಕ್ ಔಟ್ ನೋಟಿಸ್’ ಅಂತ ಓದುತ್ತೀರಿ. ತನಿಖೆಯಲ್ಲಿರುವವರು ದೇಶ ಬಿಟ್ಟು ಹೋಗದಂತೆ ವಿಮಾನ ನಿಲ್ದಾಣಗಳಿಗೆಲ್ಲ ಕಳಿಸುವ ಸೂಚನೆ ಅದು. ಅಲ್ಲಿ ಅದು ಕ್ರಿಯಾಪದ ಅಲ್ಲ, ಹೆಸರುಪದ. ಇಂಗ್ಲಿಷಿನಲ್ಲಿ ಜೋಡಿಸಿ ಒಂದೇ ಪದವಾಗಿ ಬರೆಯುತ್ತಾರೆ, ಹೇಳುವಾಗ ಒತ್ತು ‘ಲುಕ್’ ಮೇಲೆ. ಬಸ್ ಬಂತು ಅಂತ ಕೂಗುವಾಗ ಮಾತ್ರ ಒತ್ತು ‘ಔಟ್’ ಮೇಲೆ. ಎರಡನ್ನೂ ಒಂದ್ಸಲ ಜೋರಾಗಿ ಹೇಳಿ ನೋಡಿ, ಮನೆಯವರು ಏನಾಯ್ತು ಅಂತ ಓಡಿ ಬಂದರೆ ಒತ್ತು ಸರಿಯಾಗಿದೆ ಅಂತ ಲೆಕ್ಕ.

ನಮಸ್ಕಾರ.