ಫೋನಲ್ಲಿ ಸೆಮಿನಾರ್: ಕಿವಿಗೆ ತಯಾರಿ

ನಮಸ್ಕಾರ ಕೇಳುಗರೇ. ನಾನು ಟ್ಯಾಕ್ಸ್ ಕೆಲಸ ಮಾಡೋನು, ಅಡಿಕೆ ವ್ಯಾಪಾರಿಗಳಿಗೆ ಜಿಎಸ್‌ಟಿ ಬಗ್ಗೆ ಆಗಾಗ ಸೆಮಿನಾರ್ ಕೊಡ್ತೀನಿ, ಮಳೆಗಾಲದಲ್ಲಿ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯವ್ರೆಲ್ಲ ಒಂದೇ ಕಡೆ ಸೇರೋದು ಕಷ್ಟ, ನೆಟ್ ಸಿಗೋದು ಇನ್ನೂ ಕಷ್ಟ, ಅದಕ್ಕೇ ಫೋನ್ ಕಾನ್ಫರೆನ್ಸಲ್ಲೇ ಒಂದು ಗಂಟೆ ಮಾತಾಡೋದು ರೂಢಿಯಾಯ್ತು.

ಮೊದಲ್ನೇ ಸಲ ಹಾಲಲ್ಲಿ ಮಾತಾಡೋ ಥರಾನೇ ಮಾತಾಡ್ಬಿಟ್ಟೆ. ಸರಕಿನ ಬೆಲೆ ಫಿಫ್ಟಿ ಥೌಸಂಡ್ ದಾಟಿದ್ರೆ ಇ-ವೇ ಬಿಲ್, ಅಂದ್ರೆ ಸರಕು ಸಾಗಿಸೋಕೆ ಆನ್‌ಲೈನಲ್ಲಿ ಮಾಡ್ಸೋ ಪತ್ರ, ಬೇಕು ಅಂದೆ, ಇಬ್ರು ಫಿಫ್ಟೀನ್ ಅಂತ ಬರ್ಕೊಂಡಿದ್ರು, ನಂಗೆ ಗೊತ್ತಾಗಿದ್ದು ವಾರ ಆದ್ಮೇಲೆ. ಅವ್ರ ತಪ್ಪಲ್ಲ ಅದು, ಫೋನಲ್ಲಿ ಎರಡೂ ಒಂದೇ ಥರ ಕೇಳ್ಸುತ್ತೆ. ಅಕ್ಷರಗಳ ಕಥೆನೂ ಅಷ್ಟೇ. ಲ್ಯಾಂಡ್‌ಲೈನ್, ಹಳೇ ಮೊಬೈಲ್ ಲೈನ್ ಎಲ್ಲ ಸುಮಾರು 300ರಿಂದ 3400 ಹರ್ಟ್ಜ್ ವರೆಗಿನ ಸದ್ದನ್ನ ಮಾತ್ರ ದಾಟಿಸುತ್ತೆ, ಸಕಾರದ ಆ ಸುಯ್ ಅನ್ನೋ ಸದ್ದು ಬಹುಪಾಲು ಅದಕ್ಕಿಂತ ಮೇಲಿರುತ್ತೆ, ಹಂಗಾಗಿ ಎಸ್ ಅಂದ್ರೆ ಎಫ್ ಥರ ಕೇಳ್ಸುತ್ತೆ. ಜಿಎಸ್‌ಟಿ ನಂಬರಲ್ಲಿ 15 ಅಕ್ಷರ-ಅಂಕಿ ಇರುತ್ತೆ, ನಮ್ಮ ರಾಜ್ಯದ್ದು 29ರಿಂದ ಶುರು, ಒಂದು ಅಕ್ಷರ ತಪ್ಪಿದ್ರೂ ಬಿಲ್ಲೇ ತಪ್ಪು. ಅದಕ್ಕೇ ಈಗ ಎಸ್ ಫಾರ್ ಸಾಗರ ಅಂತ ಬಿಡಿಸಿ ಹೇಳ್ತೀನಿ, ಅಂಕಿ ಎಲ್ಲ ಕನ್ನಡದಲ್ಲೇ. ಹದಿನೈದು, ಐವತ್ತು ಅಂದ್ರೆ ಎಂಥ ಲೈನಲ್ಲೂ ಗೊಂದಲ ಇಲ್ಲ, ಎಷ್ಟು ಚಂದ ನೋಡಿ ನಮ್ ಭಾಷೆ!

ಇನ್ನೊಂದು, ಕಾಗದ. ಎರಡು ದಿನ ಮುಂಚೆ ನಾಲ್ಕು ಪುಟ ಕಳಿಸ್ತೀನಿ, ದೊಡ್ಡ ಅಕ್ಷರದಲ್ಲಿ, ಸಾಲಿಗೊಂದು ನಂಬರ್ ಹಾಕಿ. "ಎರಡನೇ ಪುಟ, ಏಳನೇ ಸಾಲಿಗೆ ಬೆರಳಿಡಿ" ಅಂದು ಸುಮ್ನಿರ್ತೀನಿ. ಆ ಕಡೆ ಹಾಳೆ ತಿರುವೋ ಸದ್ದು ಕೇಳುತ್ತೆ, ಅದು ನಿಂತ ಮೇಲೇ ಮುಂದಿನ ಮಾತು. ಅಲ್ಲೀವರೆಗೂ ಕಾಯೋದು ಸುಲಭ ಅಲ್ಲ ಕಣ್ರೀ, ಎದುರಿಗೆ ಮುಖ ಇಲ್ದಿದ್ರೆ ಐದು ಸೆಕೆಂಡ್ ಮೌನಾನೂ ಲೈನ್ ಕಟ್ಟಾಯ್ತೇನೋ ಅನ್ಸಿ ಬಾಯಿ ತಾನಾಗೇ ಓಡುತ್ತೆ.

ಕೇಳಿಸ್ತಿದೆಯಾ ಅಂತ ಎಲ್ರನ್ನೂ ಒಟ್ಟಿಗೆ ಕೇಳ್ಬೇಡಿ, ಎಲ್ರೂ ಹ್ಞೂಂ ಅಂತಾರೆ, ಯಾರು ಹೇಳ್ಲಿಲ್ಲ ಅನ್ನೋದೇ ಗೊತ್ತಾಗಲ್ಲ. ಊರಿನ ಹೆಸ್ರು ಹಿಡಿದು ಕರೀರಿ, ಸಾಗರದವ್ರು ಮೊದ್ಲು, ಆಮೇಲೆ ತೀರ್ಥಹಳ್ಳಿ. ಪ್ರಶ್ನೆಗೂ ಅದೇ ಸರದಿ.

ಹಿಂದಿನ ರಾತ್ರಿ ಅಣ್ಣನ ಮಗಳಿಗೆ ಫೋನ್ ಮಾಡಿ ಮುಖ್ಯವಾದ ಭಾಗ ಹೇಳ್ತೀನಿ, ಅವಳಿಗೆ ಜಿಎಸ್‌ಟಿ ಗೊತ್ತಿಲ್ಲ, ಅದೇ ನಂಗೆ ಬೇಕಾಗಿದ್ದು. ಕೇಳಿಸಿದ್ದನ್ನ ಬರ್ಕೊಂಡು ವಾಪಸ್ ಓದ್ತಾಳೆ. ನಾನು ಹೇಳಿದ್ದು, ಅವಳು ಓದಿದ್ದು ಬೇರೆ ಆದ ಕಡೆ ವಾಕ್ಯಾನೇ ಬದಲಾಯಿಸ್ತೀನಿ. ಕಳೆದ ಸಲ ನಾಲ್ಕು ಕಡೆ ಬದಲಾಯಿಸಿದೆ, ನಾಳೆದಕ್ಕೆ ಇವತ್ತು ರಾತ್ರಿ ಮತ್ತೆ ಫೋನ್ ಮಾಡೋದಿದೆ. ಬರ್ತೀನಿ, ನಮಸ್ಕಾರ.